ಮನೆಯಲ್ಲಿ ಇರುವೆ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆ ನೆಲಮಹಡಿಯಲ್ಲಿದೆ. ಹಿಂದೆ ಸಣ್ಣ ಹಿತ್ತಲು, ಕಿಟಕಿಗೆ ತಾಗುವ ಹಾಗೆ ಒಂದು ದಾಸವಾಳದ ಗಿಡ. ಹಾಗಾಗಿ ಇರುವೆಗಳ ಜೊತೆ ಬಹಳ ವರ್ಷ ಗುದ್ದಾಡಿದ್ದೇನೆ. ಬಂಧುಗಳು, ಪಕ್ಕದ ಮನೆಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇರುವೆ ಸಾಲು ಕಂಡ ತಕ್ಷಣ ಮೊದಲು ಏನು ಮಾಡಬೇಕು?

ಏನೂ ಮಾಡಬೇಡಿ. ಹತ್ತು ನಿಮಿಷ ಸುಮ್ನೆ ನೋಡಿ.

ಎಲ್ಲರೂ ಸಾಲಿನ ಒಂದು ತುದಿಯನ್ನು ಮಾತ್ರ ನೋಡುತ್ತಾರೆ, ಅಂದರೆ ಸಕ್ಕರೆ ಡಬ್ಬಿಯ ತುದಿ. ನಮಗೆ ಬೇಕಾಗಿರುವುದು ಇನ್ನೊಂದು ತುದಿ. ಒಂದು ಸಲ ರಾತ್ರಿ ಹತ್ತು ಗಂಟೆಗೆ ಲೈಟ್ ಆರಿಸಿ, ಟಾರ್ಚ್ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತೆ. ಬೆಲ್ಲದ ಡಬ್ಬಿಯಿಂದ ಇಳಿದ ಸಾಲು ಗ್ಯಾಸ್ ಪೈಪಿನ ಮೇಲೆ ಹಾದು, ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ಸ್ ಮೇಲಂಚು ಹಿಡಿದು, ಸಿಂಕಿನ ಕೆಳಗೆ ಹೋಗಿ, ನಲ್ಲಿ ಪೈಪು ಗೋಡೆಯೊಳಗೆ ನುಗ್ಗುವ ಜಾಗದಲ್ಲಿ ಮಾಯವಾಗುತ್ತಿತ್ತು. ಆ ಪೈಪಿನ ಸುತ್ತ ಒಂದು ಕಡ್ಡಿ ತೂರುವಷ್ಟು ಸಂದಿ ಇತ್ತು. ಮೂರು ತಿಂಗಳಿಂದ ನಾನು ಡಬ್ಬಿ ಒರೆಸುತ್ತಿದ್ದೆ, ದಾರಿ ಇದ್ದದ್ದು ಅಲ್ಲಿ.

ತಿಂಡಿಯ ಕಡೆ ಹೋಗುವ ಇರುವೆಗೂ ವಾಪಸು ಬರುವ ಇರುವೆಗೂ ವ್ಯತ್ಯಾಸ ಇದೆ. ಬಾಯಲ್ಲಿ ಚೂರು ಕಚ್ಚಿಕೊಂಡಿರುವ, ಇಲ್ಲವೇ ಹೊಟ್ಟೆ ಉಬ್ಬಿರುವ ಇರುವೆ ಮನೆಗೆ ಹೋಗುತ್ತಿದೆ ಎಂದು ಅರ್ಥ. ಅದರ ಹಿಂದೆ ಹೋಗಿ.

ಸ್ಪ್ರೇ ಹೊಡೆದರೆ ಸಾಯುತ್ತವಲ್ಲ, ಮತ್ತೆ ಯಾಕೆ ಬರುತ್ತವೆ?

ಸತ್ತದ್ದು ಹೊರಗೆ ಓಡಾಡುವ ಕೆಲಸಗಾರ ಇರುವೆಗಳು ಮಾತ್ರ. ಒಂದು ಗೂಡಿನಲ್ಲಿ ಯಾವ ಹೊತ್ತಿನಲ್ಲಾದರೂ ಬಹುಪಾಲು ಇರುವೆಗಳು ಒಳಗೇ ಇರುತ್ತವೆ. ಮೊಟ್ಟೆ ಇಡುವ ರಾಣಿ ಹೊರಗೆ ಬರುವುದೇ ಇಲ್ಲ. ನೀವು ಇವತ್ತು ನೂರು ಕೊಂದರೆ ಅಷ್ಟನ್ನು ಅದು ತುಂಬಿಸಿಕೊಳ್ಳುತ್ತದೆ.

ಇನ್ನೂ ಒಂದು ತೊಂದರೆ ಇದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಮನೆಯೊಳಗೇ ಗೂಡು ಮಾಡುವ ಕೆಲವು ಸಣ್ಣ ಇರುವೆಗಳಲ್ಲಿ ಒಂದು ಗೂಡಿಗೆ ಹಲವು ರಾಣಿಗಳಿರುತ್ತವೆ. ಸ್ಪ್ರೇ ವಾಸನೆಗೆ ಬೆದರಿ ಆ ಗೂಡು ಒಡೆದುಕೊಳ್ಳುತ್ತದೆ. ಒಂದು ರಾಣಿ, ಒಂದಷ್ಟು ಕೆಲಸಗಾರರು, ಒಂದಷ್ಟು ಮರಿ ಕಟ್ಟಿಕೊಂಡು ಬೇರೆ ಗೋಡೆಗೆ ಹೋಗಿ ಹೊಸ ಸಂಸಾರ ಹೂಡುತ್ತವೆ. ನಮ್ಮ ಮನೆಯಲ್ಲಿ ಹೀಗೇ ಆಯಿತು. ದುಡ್ಡು ಕೊಟ್ಟು ಒಬ್ಬರಿಂದ ಅಡುಗೆಮನೆಗೆ ಔಷಧಿ ಹೊಡೆಸಿದೆವು. ಒಂದು ವಾರ ನೆಮ್ಮದಿ. ಆಮೇಲೆ ಮಲಗುವ ಕೋಣೆ, ದೇವರ ಮನೆ, ಟಿವಿ ಹಿಂದೆ, ಮೂರು ಕಡೆ ಸಾಲು ಹೊರಟವು.

ನಮ್ಮ ಮನೆಗೆ ಬರುವುದು ಯಾವ ಇರುವೆ ಎಂದು ಹೇಗೆ ಗೊತ್ತಾಗುತ್ತದೆ?

ಹೆಸರು ಊರಿಗೊಂದು, ಆದ್ದರಿಂದ ನೋಟ ನೋಡಿ.

ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ತಲೆ ಕಪ್ಪು, ಹೊಟ್ಟೆ ಕಾಲು ಬಿಳಿಚಿಕೊಂಡಿವೆ, ಅಡುಗೆಕಟ್ಟೆಯ ಮೇಲೆ ಅಡ್ಡಾದಿಡ್ಡಿ ಓಡುತ್ತದೆ, ಕಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಘೋಸ್ಟ್ ಆ್ಯಂಟ್ ಎನ್ನುತ್ತಾರೆ. ಇನ್ನೊಂದು ಹಳದಿ ಮಿಶ್ರಿತ ಕೆಂಪು, ಸುಮಾರು 2 ಮಿ.ಮೀ. ಉದ್ದ, ಶಿಸ್ತಾಗಿ ಸಾಲು ಹಿಡಿಯುತ್ತದೆ. ಇದು ಫರೋ ಇರುವೆ. ಮೇಲೆ ಹೇಳಿದ ಗೂಡು ಒಡೆಯುವ ಬುದ್ಧಿಗೆ ಇದೇ ಹೆಸರುವಾಸಿ. ಈ ಎರಡಕ್ಕೂ ಸ್ಪ್ರೇ ಬೇಡವೇ ಬೇಡ.

ಉದ್ದ ಕಾಲಿನ ಕರಿ ಇರುವೆ ಹುಚ್ಚು ಹಿಡಿದ ಹಾಗೆ ಅತ್ತಿತ್ತ ಓಡುತ್ತದೆ. ಕಚ್ಚಿದರೆ ಚುರ್ರೆಂದು ಉರಿಯುವ ಕೆಂಪಿರುವೆಯ ಗೂಡು ಸಾಮಾನ್ಯವಾಗಿ ಹೊರಗೆ ಮಣ್ಣಿನಲ್ಲಿರುತ್ತದೆ. ದೊಡ್ಡ ಕಪ್ಪು ಇರುವೆಗೆ ನಮ್ಮ ಕಡೆ ಗೊದ್ದ ಎನ್ನುತ್ತೇವೆ. ಅದೂ ಹೊರಗಿನದೇ, ಒಂಟಿಯಾಗಿ ದಾರಿ ತಪ್ಪಿ ಬರುವುದೇ ಜಾಸ್ತಿ. ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟರೆ ಮುಗಿಯಿತು.

ಬೋರಿಕ್ ಪುಡಿಯ ಮದ್ದು ಮಾಡುವುದು ಹೇಗೆ?

ನನ್ನ ಅನುಭವದಲ್ಲಿ ನಿಜವಾಗಿ ಗೂಡು ಖಾಲಿ ಮಾಡಿಸಿದ್ದು ಇದೊಂದೇ. ಇದರ ಗುಟ್ಟು ಇಷ್ಟೇ: ಇರುವೆ ತಾನು ಕುಡಿದದ್ದನ್ನು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗಳಿಗೂ ಉಣಿಸುತ್ತದೆ, ರಾಣಿಗೂ ಉಣಿಸುತ್ತದೆ. ವಿಷ ನಿಧಾನಕ್ಕೆ ಕೆಲಸ ಮಾಡಿದರೆ ಎಲ್ಲರಿಗೂ ತಲುಪುತ್ತದೆ. ಜೋರಾಗಿದ್ದರೆ ಕುಡಿದ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡು ಹಾಗೇ ಉಳಿಯುತ್ತದೆ.

ಅಳತೆ ಹೀಗಿದೆ. 200 ಮಿ.ಲೀ. ಹಿಡಿಯುವ ಒಂದು ಲೋಟ ಬಿಸಿ ನೀರು. ನಾಲ್ಕು ಟೇಬಲ್ ಚಮಚ ಸಕ್ಕರೆ. ಬೋರಿಕ್ ಪುಡಿ ಅರ್ಧ ಟೀ ಚಮಚ, ಅಂದರೆ ಸುಮಾರು 2 ಗ್ರಾಂ. ಚೆನ್ನಾಗಿ ಕರಗುವ ತನಕ ಕಲಕಿ. ಇದರಲ್ಲಿ ಬೋರಿಕ್ ಸುಮಾರು ಶೇಕಡಾ 1ರಷ್ಟು ಇರುತ್ತದೆ, ಅಷ್ಟೇ ಸಾಕು. "ಇನ್ನೊಂದು ಚಮಚ ಹಾಕಿದರೆ ಬೇಗ ಸಾಯುತ್ತವೆ" ಎಂದು ಕೈ ಮುಂದೆ ಮಾಡಬೇಡಿ. ಎಲ್ಲರೂ ಎಡವುವುದು ಇಲ್ಲೇ. ಜಾಸ್ತಿಯಾದರೆ ಇರುವೆ ಮೂಸಿ ನೋಡಿ ವಾಪಸು ಹೋಗುತ್ತದೆ.

ಬೋರಿಕ್ ಪುಡಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೇರಂ ಬೋರ್ಡಿಗೆ ಹಾಕುವ ಪುಡಿಯೂ ಎಷ್ಟೋ ಸಲ ಇದೇ. ಆದರೆ ಡಬ್ಬಿಯ ಮೇಲೆ ಬೋರಿಕ್ ಆಸಿಡ್ ಎಂದು ಬರೆದಿದ್ದರೆ ಮಾತ್ರ ಬಳಸಿ. ಕೆಲವು ಕೇರಂ ಪುಡಿಗಳಲ್ಲಿ ಅದು ಇರುವುದಿಲ್ಲ.

ಹತ್ತಿಯ ಸಣ್ಣ ಉಂಡೆಯನ್ನು ಈ ನೀರಿನಲ್ಲಿ ಅದ್ದಿ, ಬಾಟಲಿ ಮುಚ್ಚಳದಲ್ಲಿಟ್ಟು, ಸಾಲಿನ ಪಕ್ಕದಲ್ಲಿಡಿ. ಸಾಲಿನ ಮೇಲೆ ಬೇಡ, ಪಕ್ಕದಲ್ಲಿ. ಹತ್ತಿ ಒಣಗಿದಾಗ ಮತ್ತೆ ಅದ್ದಿ. ಎರಡು ಮೂರು ದಿನಕ್ಕೊಮ್ಮೆ ಹೊಸ ಹತ್ತಿ ಇಡಿ, ಹುಳಿ ಬಂದ ಸಕ್ಕರೆ ನೀರನ್ನು ಅವು ಮುಟ್ಟುವುದಿಲ್ಲ.

ಮೊದಲ ಸಲ ಇಟ್ಟಾಗ ಭೂತಗನ್ನಡಿ ಹಿಡಿದು ನೋಡಿದ್ದೆ. ಒಂದು ಹನಿಯ ಸುತ್ತ ಸಣ್ಣ ಇರುವೆಗಳು ದನಗಳು ತೊಟ್ಟಿಗೆ ಬಾಯಿ ಹಾಕಿದ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಕುಡಿಯುತ್ತಾ ಕುಡಿಯುತ್ತಾ ಹೊಟ್ಟೆ ಉಬ್ಬಿ, ಬೆಳಕು ಆಚೆಗೆ ಕಾಣುವಷ್ಟು ತಿಳಿಯಾಯಿತು. ಒಂದೊಂದೇ ಹಿಂದೆ ಸರಿದು, ಭಾರವಾಗಿ ಸಿಂಕಿನ ಕಡೆಗೆ ನಡೆದವು. ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ನಿಂತಿತು.

ಮದ್ದು ಇಟ್ಟ ಮೇಲೆ ಇರುವೆ ಇನ್ನೂ ಜಾಸ್ತಿ ಆಗಿವೆ! ತೆಗೆದುಬಿಡಲಾ?

ತೆಗೆಯಬೇಡಿ. ಇದು ಒಳ್ಳೆಯ ಲಕ್ಷಣ. ಸಿಹಿ ಸಿಕ್ಕಿತು ಎಂದು ಇರುವೆ ವಾಸನೆಯ ಗುರುತು ಹಾಕುತ್ತಾ ಹೋಗುತ್ತದೆ, ಆ ಗುರುತು ಹಿಡಿದು ಉಳಿದವು ಬರುತ್ತವೆ. ಮೊದಲ ಒಂದೆರಡು ದಿನ ಜಾತ್ರೆ. ಆಮೇಲೆ ಸಾಲು ತೆಳುವಾಗುತ್ತದೆ. ಸಣ್ಣ ಗೂಡಾದರೆ ಒಂದು ವಾರದಲ್ಲಿ ನಿಲ್ಲುತ್ತದೆ, ದೊಡ್ಡದಕ್ಕೆ ಎರಡು ಮೂರು ವಾರವೂ ಬೇಕು. ಈ ದಿನಗಳಲ್ಲಿ ಆ ಸಾಲಿಗೆ ಸ್ಪ್ರೇ ಹೊಡೆಯಬಾರದು, ಫಿನಾಯಿಲ್ ಹಾಕಿ ಒರೆಸಬಾರದು. ಮನೆಯವರಿಗೆಲ್ಲ ಮೊದಲೇ ಹೇಳಿಡಿ. ನಮ್ಮ ಮನೆಯಲ್ಲಿ ಮೂರನೇ ದಿನ ಅತ್ತೆ ಪಾಪ, ಸಹಾಯ ಮಾಡೋಣ ಎಂದು ಎಲ್ಲಾ ಗುಡಿಸಿ ಸಾರಿಸಿಬಿಟ್ಟಿದ್ದರು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಸಿಹಿ ಮದ್ದನ್ನು ಮುಟ್ಟುತ್ತಲೇ ಇಲ್ಲ. ಯಾಕೆ?

ಎರಡು ಕಾರಣ ಇರಬಹುದು. ಪಕ್ಕದಲ್ಲೇ ಅದಕ್ಕಿಂತ ಒಳ್ಳೆಯ ಊಟ ಇದೆ, ಮುಸುರೆ ಪಾತ್ರೆ, ತೆರೆದ ಬಾಳೆಹಣ್ಣು ಹೀಗೆ. ಮೊದಲು ಅದನ್ನು ತೆಗೆಯಿರಿ. ಇಲ್ಲವೇ ಅವುಗಳಿಗೆ ಆಗ ಬೇಕಾಗಿರುವುದು ಎಣ್ಣೆ, ಜಿಡ್ಡು, ಮಾಂಸ. ಗೂಡಿನಲ್ಲಿ ಮರಿಗಳು ಜಾಸ್ತಿ ಇದ್ದಾಗ ಹೀಗಾಗುತ್ತದೆ. ಸತ್ತ ಜಿರಳೆ ಹೊತ್ತುಕೊಂಡು ಹೋಗುತ್ತಿದ್ದರೆ ಇದೇ ಎಂದು ತಿಳಿಯಿರಿ. ಆಗ ಹುರಿದ ಶೇಂಗಾ ನುಣ್ಣಗೆ ಅರೆದು, ಅದರ ಮುದ್ದೆಗೆ ಚಿಟಿಕೆ ಬೋರಿಕ್ ಬೆರೆಸಿ ಇಡಿ. ಸಿಹಿ ಒಂದು ಮುಚ್ಚಳ, ಶೇಂಗಾ ಒಂದು ಮುಚ್ಚಳ ಇಟ್ಟರೆ ಯಾವುದು ಬೇಕೋ ಅವೇ ಆರಿಸುತ್ತವೆ.

ಅಂಗಡಿಯಲ್ಲಿ ಸಿಗುವ ಇರುವೆ ಜೆಲ್ ಕೂಡ ಇದೇ ತತ್ವದ್ದು. ಕೈಯಲ್ಲಿ ಮಾಡುವಷ್ಟು ಪುರುಸೊತ್ತಿಲ್ಲದವರಿಗೆ ಅದು ಸರಿ.

ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಬೋರಿಕ್ ಇಡಬಹುದಾ?

ಇಡುವ ಜಾಗ ಸರಿ ಇದ್ದರೆ ಮಾತ್ರ. ಬೋರಿಕ್ ಮನೆಯಲ್ಲಿ ಸಿಗುವ ಸಾಮಾನು ಎಂದ ಮಾತ್ರಕ್ಕೆ ಸಾಧು ಅಲ್ಲ. ಮಗು ತಿಂದರೆ ಅದು ವಿಷವೇ, ನೋಡುವುದಕ್ಕೆ ಸಕ್ಕರೆ ನೀರಿನ ಹಾಗೆಯೇ ಇರುತ್ತದೆ. ಹಾಗಾಗಿ ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು, ಕಾಯಿಸಿದ ಮೊಳೆಯಿಂದ ಬದಿಯಲ್ಲಿ ಮೂರು ನಾಲ್ಕು ತೂತು ಮಾಡಿ, ಹತ್ತಿಯನ್ನು ಒಳಗಿಟ್ಟು ಮುಚ್ಚಿ, ಟೇಪ್ ಸುತ್ತಿ. ಇರುವೆ ಹೋಗುತ್ತದೆ, ಕೈ ಹೋಗುವುದಿಲ್ಲ. ಆ ಡಬ್ಬಿಯನ್ನೂ ಸಿಂಕಿನ ಕೆಳಗೋ ಫ್ರಿಜ್ ಹಿಂದೆಯೋ ಮಗುವಿಗೆ ಸಿಗದ ಕಡೆ ಇಡಿ. ಉಳಿದ ನೀರನ್ನು ಖಾಲಿ ಜ್ಯೂಸ್ ಬಾಟಲಿಯಲ್ಲಿ ಎತ್ತಿಡಬೇಡಿ, ಚೆಲ್ಲಿಬಿಡಿ. ಕಲಕಿದ ಚಮಚ ಅಡುಗೆಗೆ ಬೇಡ. ಮಗು ಬಾಯಿಗೆ ಹಾಕಿಕೊಂಡಿತು ಎಂದು ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಪುಡಿಯ ಡಬ್ಬಿ ಸಮೇತ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ತೆವಳುವ ಮಗು ಇರುವ ಮನೆಯಾದರೆ ನಾನು ಮದ್ದೇ ಬೇಡ ಎನ್ನುತ್ತೇನೆ. ಸೋಪು ನೀರು, ಸಂದಿ ಮುಚ್ಚುವುದು, ಡಬ್ಬಿ ಬಿಗಿ ಮಾಡುವುದು, ಇಷ್ಟರಲ್ಲೇ ಒಂದು ವರ್ಷ ತಳ್ಳಿ.

ಅರಿಶಿನ, ಲವಂಗ, ಕರ್ಪೂರ, ವಿನೆಗರ್ ಕೆಲಸ ಮಾಡುತ್ತವಾ?

ತಡೆಯುತ್ತವೆ, ಓಡಿಸುವುದಿಲ್ಲ. ಬಾಗಿಲ ಹೊಸ್ತಿಲಲ್ಲಿ ಅರಿಶಿನದ ಗೆರೆ ಎಳೆದರೆ ಇರುವೆ ದಾಟಲು ಹಿಂಜರಿಯುತ್ತದೆ. ಆದರೆ ಗೆರೆ ಎಲ್ಲಿ ಒಡೆದಿದೆ ಎಂದು ಹುಡುಕಿ ಸುತ್ತಿ ಬರುತ್ತದೆ, ಒಂದು ಸಲ ಒರೆಸಿದರೆ ಗೆರೆಯೂ ಹೋಯಿತು. ಸಕ್ಕರೆ ಡಬ್ಬಿಗೆ ನಾಲ್ಕು ಲವಂಗ ಹಾಕುವುದು ನಮ್ಮ ಅಮ್ಮನ ಕಾಲದಿಂದ ಇದೆ, ಈಗಲೂ ಹಾಕುತ್ತೇನೆ. ಜೊತೆಗೆ ಮುಚ್ಚಳ ಬಿಗಿ ಇರಬೇಕು, ಅಷ್ಟೇ.

ವಿನೆಗರ್ ಆಗಲಿ ಪಾತ್ರೆ ತೊಳೆಯುವ ಸೋಪಿನ ನೀರಾಗಲಿ, ಸಾಲು ಹಾದ ಜಾಗವನ್ನು ಒರೆಸಲು ಒಳ್ಳೆಯದು. ಅದು ಇರುವೆ ಹಾಕಿಟ್ಟ ವಾಸನೆಯ ದಾರಿಯನ್ನು ಅಳಿಸುತ್ತದೆ. ಬರೀ ನೀರಲ್ಲಿ ಒರೆಸಿದರೆ ಅರ್ಧಂಬರ್ಧ ಉಳಿಯುತ್ತದೆ, ಒಂದು ಗಂಟೆಗೆ ಅದೇ ದಾರಿಯಲ್ಲಿ ಹಾಜರ್. ಸೋಪು ನೀರು ನೇರವಾಗಿ ಬಿದ್ದ ಇರುವೆ ಸಾಯುತ್ತದೆ ಕೂಡ. ದಿಢೀರ್ ಎಂದು ನೆಂಟರು ಬಂದಾಗ ಕಟ್ಟೆ ಖಾಲಿ ಮಾಡಲು ಇದಕ್ಕಿಂತ ಸುಲಭದ್ದಿಲ್ಲ.

ನುಸಿಗುಳಿಗೆಯನ್ನು ಮಾತ್ರ ಅಡುಗೆ ಸಾಮಾನಿನ ಕಪಾಟಿನಲ್ಲಿ ಇಡಬೇಡಿ. ಎಳೆ ಕೂಸು ಇರುವ ಮನೆಯಲ್ಲಂತೂ ಅದರ ಸಹವಾಸವೇ ಬೇಡ.

ರವೆ ತಿಂದರೆ ಹೊಟ್ಟೆ ಉಬ್ಬಿ ಸಾಯುತ್ತವೆ ಅಂತಾರಲ್ಲ?

ಸುಳ್ಳು. ಬೆಳೆದ ಇರುವೆ ಗಟ್ಟಿ ಪದಾರ್ಥವನ್ನು ನುಂಗುವುದೇ ಇಲ್ಲ, ರಸ ಮಾತ್ರ ಹೀರುತ್ತದೆ. ಗಟ್ಟಿ ಚೂರನ್ನು ಗೂಡಿಗೆ ಒಯ್ದು ಮರಿಗಳಿಗೆ ಕೊಡುತ್ತದೆ. ರವೆ ಚೆಲ್ಲುವುದೆಂದರೆ ಊಟ ಹಾಕಿದ ಹಾಗೆ.

ಇರುವೆ ಸೀಮೆಸುಣ್ಣದ ಗೆರೆ ಎಳೆಯಬಹುದಾ?

ಗೆರೆ ದಾಟಿದ ಇರುವೆ ಸಾಯುತ್ತದೆ, ಅದು ನಿಜ. ಆದರೆ ಅದರಲ್ಲಿರುವುದು ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಥರದ ಕೀಟನಾಶಕ. ಬೆಕ್ಕಿಗೆ, ಅಕ್ವೇರಿಯಂ ಮೀನಿಗೆ ಇವು ಬಹಳ ಕೆಟ್ಟವು. ಮಕ್ಕಳು ಸ್ಲೇಟಿನ ಬಳಪ ಎಂದೇ ಕೈಗೆತ್ತಿಕೊಳ್ಳುತ್ತಾರೆ. ಅಡುಗೆಕಟ್ಟೆಯ ಮೇಲೆ, ಡಬ್ಬಿಗಳ ಸುತ್ತ ಎಳೆಯುವ ಅಭ್ಯಾಸ ದಯವಿಟ್ಟು ಬಿಡಿ. ಎಳೆಯಲೇಬೇಕೆಂದರೆ ಹೊರಗಿನ ಗೋಡೆಗೆ, ಕಿಟಕಿ ಚೌಕಟ್ಟಿನ ಹೊರಬದಿಗೆ ಎಳೆದು, ಕೈ ತೊಳೆದುಕೊಳ್ಳಿ.

ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಗ್ಯಾಮಾಕ್ಸಿನ್, ಡಿ.ಡಿ.ಟಿ. ಎಂಬ ಹಳೇ ಕೀಟನಾಶಕ ಪುಡಿಯ ಡಬ್ಬಿಗಳು ಸಿಗುತ್ತವೆ. ಅವುಗಳನ್ನು ಮುಟ್ಟಬೇಡಿ. ಗ್ಯಾಮಾಕ್ಸಿನ್ ಎಂದು ಮಾರುತ್ತಿದ್ದ ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ.

ಬೆಲ್ಲ, ಸಕ್ಕರೆ, ತುಪ್ಪದ ಡಬ್ಬಿ ಕಾಪಾಡುವುದು ಹೇಗೆ?

ರಬ್ಬರ್ ರಿಂಗ್ ಇರುವ, ತಿರುಗಿಸಿ ಮುಚ್ಚುವ ಡಬ್ಬಿ. ಸ್ಟೀಲ್ ಡಬ್ಬಿಯ ಮುಚ್ಚಳ ನಮಗೆ ಬಿಗಿ ಅನಿಸಿದರೂ ಸಣ್ಣ ಇರುವೆಗೆ ಅದು ತೆರೆದ ಬಾಗಿಲು. ಜೇನುತುಪ್ಪದ ಬಾಟಲಿಯಲ್ಲಿ ತೊಂದರೆ ಒಳಗಿಲ್ಲ, ಹೊರಗೆ ಸುರಿದ ಗೆರೆಯಲ್ಲಿದೆ. ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿಡಿ.

ಹಳೇ ಉಪಾಯ ಒಂದಿದೆ: ತಟ್ಟೆಯಲ್ಲಿ ನೀರು ಹಾಕಿ, ಮಧ್ಯೆ ಡಬ್ಬಿ ಇಡುವುದು. ಹಬ್ಬದ ದಿನ ಮಾಡಿದ ಒಬ್ಬಟ್ಟು, ಹೂರಣಕ್ಕೆ ಇವತ್ತಿಗೂ ಇದೇ ಸರಿ. ಆದರೆ ದಿನಗಟ್ಟಲೆ ಬಿಟ್ಟರೆ ನೀರಿನ ಮೇಲೆ ಧೂಳು ಕೂತು ಸೇತುವೆ ಆಗುತ್ತದೆ, ಇರುವೆ ಅದರ ಮೇಲೇ ದಾಟುತ್ತದೆ. ಒಂದು ಹನಿ ಸೋಪು ಹಾಕಿದರೆ ದಾಟಲಾರದು, ಮುಳುಗುತ್ತದೆ. ಕಪಾಟಿನ ಕಾಲುಗಳಿಗೆ ನೀರಿನ ಬಟ್ಟಲು ಇಡುವವರು ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ಬಟ್ಟಲು ಉಜ್ಜಿ ತೊಳೆಯಲೇಬೇಕು. ನಿಂತ ತಿಳಿ ನೀರಿನಲ್ಲೇ ಡೆಂಗಿ ಸೊಳ್ಳೆ ಮರಿ ಮಾಡುವುದು. ಇರುವೆ ತಪ್ಪಿಸಲು ಹೋಗಿ ಡೆಂಗಿ ತಂದುಕೊಳ್ಳಬಾರದು, ಅಲ್ವಾ?

ಈಗಾಗಲೇ ಇರುವೆ ಹತ್ತಿದ ಸಕ್ಕರೆಯನ್ನು ಮೊರದಲ್ಲಿ ಹರಡಿ ಬಿಸಿಲಿಗಿಡಿ, ಅರ್ಧ ಗಂಟೆಯಲ್ಲಿ ತಾವೇ ಜಾಗ ಬಿಡುತ್ತವೆ.

ಮಳೆ ಶುರುವಾದ ಕೂಡಲೇ ಯಾಕೆ ಇಷ್ಟೊಂದು ಬರುತ್ತವೆ?

ಗೂಡಿಗೆ ನೀರು ನುಗ್ಗುತ್ತದೆ. ಮೊಟ್ಟೆ ಮರಿ ಕಚ್ಚಿಕೊಂಡು ಒಣ ಜಾಗ ಹುಡುಕಿ ಬರುತ್ತವೆ. ಬಾಯಲ್ಲಿ ಬಿಳಿ ಅಕ್ಕಿಕಾಳಿನಂಥದ್ದು ಹಿಡಿದ ಸಾಲು ಕಂಡರೆ ಅವು ಊಟಕ್ಕೆ ಬಂದಿಲ್ಲ, ಮನೆ ಬದಲಿಸುತ್ತಿವೆ. ಆಗ ಮದ್ದಿಗಿಂತ ತಡೆಯುವುದೇ ಮುಖ್ಯ. ಮೇ ತಿಂಗಳಲ್ಲೇ ಹೊರಗೋಡೆಯ ಬಿರುಕು ಮುಚ್ಚಿಸಿ. ಬೇಸಿಗೆಯಲ್ಲಿ ಬರುವುದು ನೀರಿಗೆ: ಸೋರುವ ನಲ್ಲಿ, ಒದ್ದೆ ಸಿಂಕು, ಫಿಲ್ಟರ್ ಕೆಳಗಿನ ತಟ್ಟೆ. ರಾತ್ರಿ ಮಲಗುವ ಮುಂಚೆ ಸಿಂಕ್ ಒರೆಸಿಬಿಡಿ.

ಸಂದಿ ಯಾವುದರಿಂದ ಮುಚ್ಚಬೇಕು? ಯಾವಾಗ?

ಟೈಲ್ಸ್ ನಡುವೆ ಬಿಳಿ ಸಿಮೆಂಟು. ಪೈಪಿನ ಸುತ್ತ ಎಂ-ಸೀಲ್. ಕಿಟಕಿ ಚೌಕಟ್ಟು, ಸಿಂಕಿನ ಅಂಚಿಗೆ ಸಿಲಿಕಾನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ, ಮನೆಯವರೇ ಮಾಡಬಹುದಾದ ಕೆಲಸ.

ಆದರೆ ಗೂಡು ಗೋಡೆಯೊಳಗಿದ್ದರೆ ಮೊದಲು ಮದ್ದು, ಸಾಲು ಪೂರ್ತಿ ನಿಂತ ಮೇಲೆ ಸಿಮೆಂಟು. ಬದುಕಿರುವ ಗೂಡಿನ ಬಾಯಿ ಮುಚ್ಚಿದರೆ ಅವು ಇನ್ನೊಂದು ಕಡೆ ಬಾಗಿಲು ತೆಗೆಯುತ್ತವೆ.

ಸ್ವಿಚ್ ಬೋರ್ಡಿನಿಂದ ಇರುವೆ ಬರುತ್ತಿವೆ.

ವೈರಿನ ಕೊಳವೆ ಅವುಗಳಿಗೆ ಸಿದ್ಧ ರಸ್ತೆ. ಒಳಗೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಶಾಕ್ ಹೊಡೆಯಬಹುದು, ಬೆಂಕಿಯೂ ಹತ್ತಬಹುದು. ನೀರಿನ ಮದ್ದೂ ಬೋರ್ಡಿನ ಹತ್ತಿರ ಬೇಡ. ಕೆಳಗೆ ನೆಲದಲ್ಲಿ, ಸಾಲು ಇಳಿದು ಬರುವ ಕಡೆ ಮುಚ್ಚಳ ಇಡಿ. ಸ್ವಿಚ್ ಚಟಪಟ ಎನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಗಿಡಗಳಿಂದ ಬರುತ್ತವಾ?

ಬರುತ್ತವೆ, ಇದನ್ನು ಗಮನಿಸುವವರೇ ಕಡಿಮೆ. ನಮ್ಮ ದಾಸವಾಳದ ಎಲೆ ತಿರುಗಿಸಿ ನೋಡಿದಾಗ ಬಿಳಿ ಹತ್ತಿಯ ಹಾಗೆ ಹಿಟ್ಟು ತಿಗಣೆ ಮೆತ್ತಿಕೊಂಡಿತ್ತು. ಅದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆಗೆ ಅದೇ ಪಾಯಸ. ಆ ತಿಗಣೆಯನ್ನು ಹುಳಗಳು ತಿನ್ನದ ಹಾಗೆ ಇರುವೆಗಳೇ ಕಾವಲು ಕಾಯುತ್ತವೆ. ನಾನು ಅಡುಗೆಮನೆ ಎಷ್ಟು ತಿಕ್ಕಿದರೂ ಹಿತ್ತಲಿನಲ್ಲಿ ಹೋಟೆಲ್ ತೆರೆದೇ ಇತ್ತು.

ಕಿಟಕಿಗೆ ತಾಗುವ ಕೊಂಬೆ ಕತ್ತರಿಸಿದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿದೆ, ವಾರಕ್ಕೊಮ್ಮೆ, ನಾಲ್ಕು ವಾರ. ತಿಗಣೆ ಹೋದ ಮೇಲೆ ಆ ಕಿಟಕಿಯಿಂದ ಇರುವೆ ಬರುವುದು ನಿಂತಿತು.

ಬಚ್ಚಲಿನಲ್ಲಿ ಇರುವೆ ಮುತ್ತಿದರೆ ಮನೆಯಲ್ಲಿ ಯಾರಿಗೋ ಶುಗರ್ ಇದೆ ಎಂದು ಅರ್ಥವಾ?

ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಇರುವೆ ಬರುವುದು ನಿಜ. ನಮ್ಮ ಹಳೇ ವೈದ್ಯರು ಗಮನಿಸಿಟ್ಟ ಸಂಗತಿ ಅದು, ಮಧುಮೇಹ ಎಂಬ ಹೆಸರಲ್ಲೇ ಜೇನು ಇದೆ. ಆದರೆ ಬಚ್ಚಲಿಗೆ ಇರುವೆ ಬರೀ ನೀರಿಗೂ, ಸೋಪಿನ ಜಿಡ್ಡಿಗೂ ಬರುತ್ತದೆ. ಇರುವೆ ಇಲ್ಲ ಎಂದರೆ ಶುಗರ್ ಇಲ್ಲ ಎಂದೂ ಅಲ್ಲ. ಅನುಮಾನ ಇದ್ದರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಇರುವೆಯನ್ನು ನಂಬಿ ಕೂರಬೇಡಿ.

ರೆಕ್ಕೆ ಇರುವ ಇರುವೆಗಳು ಗೋಡೆಯಿಂದ ಬರುತ್ತಿವೆ. ಗೆದ್ದಲಾ?

ಒಂದನ್ನು ಹಿಡಿದು ನೋಡಿ. ಸೊಂಟ ಸಣ್ಣಗಿದ್ದು, ಮೀಸೆ ಮೊಣಕೈಯಂತೆ ಮಡಚಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದಿದ್ದರೆ ಇರುವೆ. ಸೊಂಟವೇ ಇಲ್ಲದ ಹಾಗೆ ಮೈ ಒಂದೇ ಸಮ ಇದ್ದು, ಮೀಸೆ ನೆಟ್ಟಗಿದ್ದು, ನಾಲ್ಕೂ ರೆಕ್ಕೆ ಒಂದೇ ಅಳತೆಯಾದರೆ ಗೆದ್ದಲಿನ ಮಳೆಹುಳು. ಅದು ಮನೆಯೊಳಗಿನ ಗೋಡೆ, ಬಾಗಿಲ ಚೌಕಟ್ಟಿನಿಂದಲೇ ಹೊರಟರೆ ಮರದ ಸಾಮಾನಿಗೆ ಅಪಾಯ. ತಡ ಮಾಡದೆ ತಿಳಿದವರನ್ನು ಕರೆಸಿ.

ಕೆಂಪಿರುವೆ ಕಚ್ಚಿದರೆ?

ಸೋಪಿನಲ್ಲಿ ತೊಳೆದು ತಣ್ಣನೆ ಬಟ್ಟೆ ಒತ್ತಿ. ಬೊಕ್ಕೆ ಎದ್ದರೆ ಒಡೆಯಬೇಡಿ. ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟಿದ ಹಾಗಾದರೆ ಅದು ಅಲರ್ಜಿ, ತಕ್ಷಣ ಆಸ್ಪತ್ರೆ.

ದೇವರ ಮನೆಯಲ್ಲಿ ಇರುವೆ. ಕೊಲ್ಲಲು ಮನಸ್ಸು ಬರುವುದಿಲ್ಲ.

ಕೊಲ್ಲಬೇಕಾಗಿಯೂ ಇಲ್ಲ. ನೈವೇದ್ಯದ ಕಲ್ಲುಸಕ್ಕರೆ, ಬಾಳೆಹಣ್ಣನ್ನು ಮಂಗಳಾರತಿ ಆದ ಮೇಲೆ ಎತ್ತಿಬಿಡಿ. ದೀಪದ ಕೆಳಗೆ ಸೋರಿದ ಎಣ್ಣೆ ಒರೆಸಿ. ಪಂಚಾಮೃತದ ಬಟ್ಟಲನ್ನು ರಾತ್ರಿ ಬಿಡಬೇಡಿ. ಅಂಗಳದಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಹಾಕುವವರು ಅದನ್ನು ನಿಲ್ಲಿಸಬೇಕಾಗಿಲ್ಲ, ಹೊಸ್ತಿಲಿಗೆ ತಾಗಿಸದೆ ನಾಲ್ಕು ಅಡಿ ಆಚೆ ಹಾಕಿ. ಅವುಗಳ ಊಟ ಹೊರಗೇ ಸಿಗಲಿ. ಹಿತ್ತಲಿನ ಮೂಲೆಯ ಗೂಡು ನಿಮ್ಮ ತಂಟೆಗೆ ಬರದಿದ್ದರೆ ಹಾಗೇ ಇರಲಿ. ಗೆದ್ದಲನ್ನೂ ಬೇರೆ ಹುಳಗಳನ್ನೂ ಅವು ತಿನ್ನುತ್ತವೆ, ಮಣ್ಣು ಸಡಿಲ ಮಾಡುತ್ತವೆ.

ಅಪಾರ್ಟ್‌ಮೆಂಟಿನಲ್ಲಿ ನಾವು ಮಾತ್ರ ಮಾಡಿದರೆ ಸಾಕಾ?

ಸಾಕಾಗುವುದಿಲ್ಲ. ಗೋಡೆ, ಪೈಪಿನ ಡಕ್ಟ್ ಎಲ್ಲರಿಗೂ ಒಂದೇ. ಮೇಲಿನ, ಪಕ್ಕದ ಮನೆಯವರ ಜೊತೆ ಮಾತಾಡಿ ಒಂದೇ ವಾರದಲ್ಲಿ ಎಲ್ಲರೂ ಮದ್ದು ಇಡಿ. ಮೂರು ವಾರ ಸರಿಯಾಗಿ ಇಟ್ಟರೂ ಸಾಲು ನಿಲ್ಲದಿದ್ದರೆ, ಮಳೆಹುಳು ಕಂಡರೆ, ಇಲ್ಲವೇ ಮನೆಯಲ್ಲಿ ಹಾಸಿಗೆ ಹಿಡಿದ ರೋಗಿ ಇದ್ದು ಇರುವೆ ಹಾಸಿಗೆಗೆ ಹತ್ತುತ್ತಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಬಂದವರನ್ನು ಮೊದಲು ಒಂದೇ ಮಾತು ಕೇಳಿ: "ಜೆಲ್ ಇಡ್ತೀರಾ, ಸ್ಪ್ರೇ ಹೊಡೀತೀರಾ?" ಸಾಲು ಎಲ್ಲಿಂದ ಬರುತ್ತಿದೆ ಎಂದು ನೋಡದೆ ನೇರ ಪಂಪ್ ಎತ್ತಿಕೊಂಡರೆ ಬೇಡ ಎಂದು ಕಳಿಸಿ.